ಎಂಜಿನ್ ಬದಲಿಸಿದ ಜೀಪಿಗೆ ಯಾವ ಥರ್ಮೋಸ್ಟಾಟ್?

ನಮ್ಮ ಸದಸ್ಯ ಬಂಧುಗಳಲ್ಲಿ ಹಲವರ ತೋಟದಲ್ಲಿ ಇಂದಿಗೂ ಹಳೆಯ ಜೀಪುಗಳೇ ದುಡಿಯುತ್ತಿವೆ. ಮೂಲದ ಪೆಟ್ರೋಲ್ ಎಂಜಿನ್ ತೆಗೆದು, ಮಹೀಂದ್ರ ಎಂ.ಎಂ. 540 ಜೀಪಿನಲ್ಲಿ ಬರುತ್ತಿದ್ದ ಪ್ಯೂಜೋ ಡೀಸೆಲ್ ಎಂಜಿನನ್ನೋ ಮತ್ತೊಂದನ್ನೋ ಕೂರಿಸಿದವೂ ಅವುಗಳಲ್ಲಿ ಉಂಟು. ಕುಯ್ಲಿನ ಕಾಲ ಬಂತೆಂದರೆ ಇಂತಹ ಜೀಪುಗಳ ಬಗ್ಗೆ ಕೇಳಿಬರುವ ದೂರು ಒಂದೇ: ಏರಿನಲ್ಲಿ ನೀರು ಕುದಿಯುತ್ತದೆ. ಅದಕ್ಕೆ ದೊರೆಯುವ ಸಲಹೆಯೂ ಒಂದೇ: "ಥರ್ಮೋಸ್ಟಾಟ್ ಕಿತ್ತು ಹಾಕಿ."

ನಾವೂ ಹಾಗೆ ಮಾಡಿ ನಷ್ಟ ಅನುಭವಿಸಿದವರೇ. ಥರ್ಮೋಸ್ಟಾಟ್ ಇಲ್ಲದೆ ಎರಡು ವರ್ಷ ಓಡಿಸಿದೆವು. ಬೆಳಗಿನ ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗದೆ ಬಿಳಿ ಹೊಗೆ ಬರುತ್ತಿತ್ತು. ಡೀಸೆಲ್ ಖರ್ಚೂ ಹೆಚ್ಚಾಯಿತು. ಆದರೂ ಹೊರೆ ಹೇರಿ ಏರು ಹತ್ತಿದಾಗ ಕುದಿಯುವುದು ನಿಲ್ಲಲಿಲ್ಲ. ಕೊನೆಗೆ ಕುಯ್ಲಿನ ನಡುವೆಯೇ ಹೆಡ್ ಗ್ಯಾಸ್ಕೆಟ್ ಹೋಯಿತು. ಆ ದಿನದ ಹಣ್ಣು ಪಲ್ಪರ್ ಸೇರದೆ ರಾತ್ರಿಯಿಡೀ ಚೀಲದಲ್ಲೇ ಉಳಿದು ಹುಳಿ ಹಿಡಿಯಿತು. ಬಿಚ್ಚಿ ನೋಡಿದಾಗ ತಪ್ಪು ಇದ್ದುದು ರೇಡಿಯೇಟರಿನಲ್ಲಿ. ಅದರ ಕೊಳವೆಗಳು ಕಟ್ಟಿಹೋಗಿದ್ದವು.

ಥರ್ಮೋಸ್ಟಾಟಿನ ಕೆಲಸ

ಥರ್ಮೋಸ್ಟಾಟಿನ ಒಳಗೆ ಒಂದು ಬಗೆಯ ಮೇಣವಿದೆ. ನೀರು ಗೊತ್ತಾದ ಶಾಖಕ್ಕೆ ಬಂದಾಗ ಅದು ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗುವುದಿಲ್ಲ. ಮೇಲೆ ಒತ್ತಿರುವ 71, 82, 88 ಮುಂತಾದ ಅಂಕಿಗಳು ಬಾಗಿಲು ತೆರೆಯಲು ಆರಂಭವಾಗುವ ಸೆಂಟಿಗ್ರೇಡ್ ಡಿಗ್ರಿಗಳು. ಪೂರ್ತಿ ತೆರೆಯಲು ಶಾಖ ಇನ್ನೂ ಸುಮಾರು 10 ರಿಂದ 15 ಡಿಗ್ರಿ ಏರಬೇಕು.

ಎಂದರೆ ಎಂಜಿನ್ ಇದಕ್ಕಿಂತ ತಣ್ಣಗಿರಬಾರದು ಎಂಬ ಕೆಳಗಿನ ಮಿತಿಯನ್ನಷ್ಟೇ ಥರ್ಮೋಸ್ಟಾಟ್ ಕಾಯುತ್ತದೆ. ಮೇಲಿನ ಮಿತಿಯನ್ನು ಕಾಯುವುದು ರೇಡಿಯೇಟರ್, ಫ್ಯಾನು ಮತ್ತು ನೀರಿನ ಪಂಪು. ಬಾಗಿಲು ಪೂರ್ತಿ ತೆರೆದ ಮೇಲೆ 71ರದ್ದಕ್ಕೂ 82ರದ್ದಕ್ಕೂ ವ್ಯತ್ಯಾಸವಿಲ್ಲ. ಡೀಸೆಲ್ ಎಂಜಿನ್ ಸದಾ ತಣ್ಣಗೆ ಓಡಿದರೆ ಮಾತ್ರ ಇಂಧನ ಸರಿಯಾಗಿ ಉರಿಯದೆ ಆಯಿಲಿಗೆ ಸೇರುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಆರಿಸುವ ಬಗೆ

1. ಜೀಪಿನ ಹೆಸರು ಹೇಳಿ ಕೊಳ್ಳಬೇಡಿ. ಈಗ ಕೂರಿಸಿರುವ ಎಂಜಿನ್ನಿನ ಮಾದರಿ ಹೇಳಿ. ಶಾಖದ ಅಂಕಿ ಆ ಎಂಜಿನ್ನಿನ ಕೈಪಿಡಿಯಲ್ಲಿ ಇರುವಂತೆಯೇ ಇರಲಿ.

2. ಅಂಚಿನ ಅಗಲ ಹಾಗೂ ಎತ್ತರ ಹಳೆಯದಕ್ಕೆ ಹೊಂದಬೇಕು. ಕೆಲವು ಎಂಜಿನ್ನುಗಳ ಥರ್ಮೋಸ್ಟಾಟಿನ ಕೆಳಗೆ ಎರಡನೆಯ ಬಿಲ್ಲೆ ಇರುತ್ತದೆ. ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂತಹ ಎಂಜಿನ್ನಿಗೆ ಬಿಲ್ಲೆ ಇಲ್ಲದ್ದನ್ನು ಹಾಕಿದರೆ, ಅಥವಾ ಥರ್ಮೋಸ್ಟಾಟನ್ನೇ ತೆಗೆದರೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಾಣದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಆಗ ಕುದಿಯುವುದು ಹೆಚ್ಚುತ್ತದೆ.

3. ಮೇಣದ ಗುಂಡು ಎಂಜಿನ್ನಿನ ಕಡೆಗಿರಲಿ. ಗಾಳಿ ಹೋಗುವ ಸಣ್ಣ ರಂಧ್ರವಿದ್ದರೆ ಅದು ಮೇಲಕ್ಕೆ ಬರಲಿ.

ಮಲೆನಾಡಿನವರು ಇನ್ನೊಂದನ್ನು ಗಮನಿಸಬೇಕು. ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದರೆ ಮಾತ್ರ ಈ ಮಿತಿ ಮೇಲೇರುತ್ತದೆ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ, 88ರ ಥರ್ಮೋಸ್ಟಾಟ್ ಪೂರ್ತಿ ತೆರೆಯುವ ಮೊದಲೇ ನೀರು ಕುದಿಯಬಹುದು. ಬಿಸಿ ಇರುವಾಗ ಮುಚ್ಚಳವನ್ನು ಎಂದೂ ತೆಗೆಯಬೇಡಿ.

ಪರೀಕ್ಷೆ

ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಒತ್ತಿರುವ ಅಂಕಿಯ ಆಸುಪಾಸಿನಲ್ಲಿ ತೆರೆಯತೊಡಗಿ, ಆರಿದಾಗ ಪೂರ್ತಿ ಮುಚ್ಚಿಕೊಂಡರೆ ಅದು ಚೆನ್ನಾಗಿದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. 110 ಡಿಗ್ರಿಯವರೆಗಿನದು ಸಂಘದ ಕಛೇರಿಯಲ್ಲಿದೆ, ಸದಸ್ಯರು ಕೇಳಿ ಪಡೆಯಬಹುದು.

ಥರ್ಮೋಸ್ಟಾಟ್ ಸರಿಯಿದ್ದೂ ಕುದಿಯುತ್ತಿದ್ದರೆ ಫ್ಯಾನ್ ಬೆಲ್ಟು, ನೀರಿನ ಪೈಪುಗಳು, ಮುಚ್ಚಳ, ರೇಡಿಯೇಟರ್ ಇವನ್ನು ಒಂದೊಂದಾಗಿ ನೋಡಿ. ಹಳೆಯ ಪೆಟ್ರೋಲ್ ಎಂಜಿನ್ನಿನ ರೇಡಿಯೇಟರನ್ನೇ ಉಳಿಸಿಕೊಂಡಿದ್ದರೆ ಅದು ಹೊಸ ಎಂಜಿನ್ನಿಗೆ ಸಾಕೇ ಎಂದೂ ವಿಚಾರಿಸಿ. ಈ ಕೆಲಸಗಳನ್ನೆಲ್ಲ ಮೊದಲ ಹಣ್ಣು ಬಿಡಿಸುವ ಮುಂಚೆಯೇ ಮುಗಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.