ಯಂತ್ರಕ್ಕೆ ಸುಳ್ಳು ಕಾಣುವುದೇ?

ಸುಳ್ಳುಪತ್ತೆ ಯಂತ್ರವೆಂದು ಹೆಸರಾದ ಪಾಲಿಗ್ರಾಫ್ ನಿಜಕ್ಕೂ ಸುಳ್ಳನ್ನು ಅಳೆಯುವುದಿಲ್ಲ. ಉಸಿರಾಟ, ರಕ್ತದೊತ್ತಡ, ನಾಡಿಬಡಿತ ಮತ್ತು ಬೆವರಿನಿಂದ ಚರ್ಮದಲ್ಲಾಗುವ ವಿದ್ಯುತ್ ವ್ಯತ್ಯಾಸಗಳನ್ನಷ್ಟೇ ಅದು ದಾಖಲಿಸುತ್ತದೆ. ತಪ್ಪಿತಸ್ಥನಂತೆಯೇ, ಮೊದಲ ಬಾರಿ ಠಾಣೆಯ ಮೆಟ್ಟಿಲು ಹತ್ತಿದ ನಿರಪರಾಧಿಯ ಎದೆಯೂ ಹೊಡೆದುಕೊಳ್ಳುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಅಪರಾಧ ತನಿಖೆಯ ಮನಶ್ಶಾಸ್ತ್ರವನ್ನು ಬೋಧಿಸುವವರು ಮೊದಲು ಹೇಳಬೇಕಾದ ಪಾಠ ಇದೇ.

ಇದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2000ರ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಹೊರರಾಜ್ಯಗಳ ಆರೋಪಿಗಳನ್ನೂ ಇಲ್ಲಿಗೆ ಕರೆತರಲಾಗುತ್ತಿತ್ತು. ಸೋಡಿಯಂ ಪೆಂಟೋಥಾಲ್ ಚುಚ್ಚುಮದ್ದಿನ ಮಂಪರಿನಲ್ಲಿ ಮನುಷ್ಯ ಮಾತನಾಡುತ್ತಾನೆ, ನಿಜ. ಆದರೆ ಆ ಮಾತಿನಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರ ಸೂಚನೆ ಎಲ್ಲವೂ ಬೆರೆತಿರಬಹುದು.

'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಂಪರು, ಪಾಲಿಗ್ರಾಫ್, ಮಿದುಳು ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ಅದು ಆರೋಪಿಗೆ ಸಂವಿಧಾನದ 20(3)ನೇ ವಿಧಿ ಕೊಟ್ಟಿರುವ ರಕ್ಷಣೆಗೆ ವಿರುದ್ಧ ಎಂದಿತು. ಒಪ್ಪಿಗೆಯಿಂದ ನಡೆದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ಸುಳಿವಿನಿಂದ ಮುಂದೆ ದೊರೆತ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು.

ಆದ್ದರಿಂದ ಯಂತ್ರ ನಡೆಸಲು ಕಲಿತರಷ್ಟೇ ವಿದ್ಯೆ ಪೂರ್ಣವಾಗದು. ಯಂತ್ರ ಏನನ್ನು ಹೇಳಲಾರದು ಎಂಬುದನ್ನೂ ಅರಿತ ವಿದ್ಯಾರ್ಥಿಯಿಂದಲೇ ನಿರಪರಾಧಿಗೆ ರಕ್ಷಣೆ.