ಕಡಲ ಮಟ್ಟಕ್ಕೊಂದು ಲೆಕ್ಕದ ಪುಸ್ತಕ

ಕಡಲ ಮಟ್ಟ ಏರುತ್ತಿದೆಯೆಂಬ ಮಾತನ್ನು ನೀವು ವಾರ್ತೆಗಳಲ್ಲಿ ಕೇಳಿರಬಹುದು. ಸದಾ ಅಲೆಯೇಳುವ, ದಿನವೂ ಉಬ್ಬಿ ಇಳಿಯುವ ನೀರು ಏರಿತೆಂದು ಹೇಳುವುದಾದರೂ ಹೇಗೆ?

ಉಪಾಯ ಸರಳವಾದುದು. ಬಂದರಿನ ಕಟ್ಟೆಗೆ ಸೇರಿಸಿ ಬಾವಿಯಂತಹ ಒಂದು ಕೊಳವೆಯನ್ನು ನಿಲ್ಲಿಸುತ್ತಾರೆ. ಅದರ ಬುಡದಲ್ಲಿ ಸಣ್ಣ ರಂಧ್ರ. ಅಲೆಯ ಹೊಡೆತ ಹೊರಗೇ ಉಳಿದು, ಒಳಗಿನ ನೀರು ನಿಧಾನವಾಗಿ ಏರಿ ಇಳಿಯುತ್ತದೆ. ಹಿಂದೆ ಆ ನೀರಿನ ಮೇಲಿನ ತೇಲುಬುಂಡೆ ಲೇಖನಿಯೊಂದನ್ನು ನಡೆಸಿ, ಸುತ್ತುವ ಕಾಗದದ ಮೇಲೆ ಗೆರೆ ಬರೆಯುತ್ತಿತ್ತು. ಈಗ ರೇಡಾರ್ ಅಲೆಗಳಿಂದ ಅಳೆಯುವುದೂ ಉಂಟು. ಮುಂಬಯಿಯ ಅಪೋಲೋ ಬಂದರಿನ ಇಂತಹ ದಾಖಲೆ 1878ರಷ್ಟು ಹಿಂದಿನದು. ನಮ್ಮ ಮಂಗಳೂರು, ಕಾರವಾರಗಳಲ್ಲಿಯೂ ದಾಖಲೆಗಳುಂಟು, ಆದರೆ ಅಷ್ಟು ಹಳೆಯವಲ್ಲ.

ಹಳೆಯದಕ್ಕೇಕೆ ಇಷ್ಟು ಬೆಲೆ? ಲೋಕದ ಕಡಲುಗಳ ಸರಾಸರಿ ಮಟ್ಟ 2006ರಿಂದ 2018ರವರೆಗೆ ಏರಿದ್ದು ವರ್ಷಕ್ಕೆ ಸುಮಾರು 3.7 ಮಿಲಿಮೀಟರು, ಒಂದು ಅಕ್ಕಿಕಾಳಿನ ಉದ್ದವೂ ಇಲ್ಲ. ಮುಂಬಯಿಯಲ್ಲಾದರೋ ದೊಡ್ಡ ಉಬ್ಬರದ ದಿನ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಇದರ ಮೇಲೆ ಮುಂಗಾರಿನ ಗಾಳಿ; ಚಂದ್ರನ ಗತಿಯಿಂದ 18.6 ವರ್ಷಗಳಿಗೊಮ್ಮೆ ಸುತ್ತಿ ಬರುವ ವ್ಯತ್ಯಾಸ ಬೇರೆ. ಇಷ್ಟರ ನಡುವೆ ಆ ಅಕ್ಕಿಕಾಳನ್ನು ಹುಡುಕಬೇಕಾದರೆ ದಶಕಗಳ ಲೆಕ್ಕ ಬೇಕು. ನಡುವೆ ಮಾಪಕ ಕೆಟ್ಟು ನಿಂತರೆ ಆ ಪುಟ ಖಾಲಿಯೇ ಸರಿ. ಕಳೆದ ವರ್ಷದ ನೀರನ್ನು ಈ ವರ್ಷ ಅಳೆಯಲಾಗದು.

ಅಕ್ಕಿಕಾಳೆಂದು ಕಡೆಗಣಿಸುವಂತೆಯೂ ಇಲ್ಲ. 1901ರಿಂದ 2018ರ ಹೊತ್ತಿಗೆ ಈ ಏರಿಕೆ ಒಟ್ಟು ಸುಮಾರು 20 ಸೆಂಟಿಮೀಟರು ಆಗಿತ್ತು. ಚಂಡಮಾರುತ ನೀರನ್ನು ದಡಕ್ಕೆ ತಳ್ಳುವಾಗ ಅದು ಈ ಎತ್ತರದ ಮೇಲಿಂದಲೇ ನುಗ್ಗುತ್ತದೆ. ಆ ಹೊತ್ತಿನಲ್ಲಿ ನೀರು ಎಷ್ಟು ಬಂತೆಂದು ತಿಳಿಸುವುದೂ ಇದೇ ಮಾಪಕ.

ಇದರ ಖರ್ಚನ್ನು ಯಾವ ವ್ಯಾಪಾರಿಯೂ ವಹಿಸಲಾರ, ಏಕೆಂದರೆ ಫಲ ಎಲ್ಲರಿಗೂ ಸೇರಿದ್ದು. ಆದುದರಿಂದ ಸರಕಾರವೇ ಕೊಡಬೇಕು. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ಸುಮಾರು 125 ಕೋಟಿ ರೂಪಾಯಿಗಳಲ್ಲಿ ಹೈದರಾಬಾದಿನ ಮುನ್ನೆಚ್ಚರಿಕೆ ಕೇಂದ್ರ ಸಿದ್ಧವಾಗಿ, 2007ರಲ್ಲಿ ಕೆಲಸಕ್ಕೆ ತೊಡಗಿತು. ದಡದ ಮಾಪಕಗಳ ಸುದ್ದಿ ಅಲ್ಲಿಗೂ ತಲುಪುತ್ತದೆ. 2024ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪೃಥ್ವಿ’ ಯೋಜನೆಗೆ 4,797 ಕೋಟಿ ರೂಪಾಯಿ. ದೊಡ್ಡ ಮೊತ್ತವೇ, ಆದರೆ ಹವಾಮಾನ, ಭೂಕಂಪ, ಧ್ರುವಪ್ರದೇಶಗಳ ಸಂಶೋಧನೆ, ಕಡಲು ಎಲ್ಲವೂ ಅದರಲ್ಲಿಯೇ ಪಾಲುದಾರರು.

ದುರಂತವಾದ ಮೇಲೆ ಯಂತ್ರ ಕೊಳ್ಳಲು ಹಣ ಹೊರಡುವುದು ಸಹಜ. ಕಷ್ಟವಿರುವುದು ಅನಂತರದ ಶಾಂತ ವರ್ಷಗಳಲ್ಲಿ. ಉಪ್ಪುಗಾಳಿ ತಂತಿಯನ್ನು ತಿನ್ನುತ್ತದೆ, ಚಿಪ್ಪುಜೀವಿಗಳು ರಂಧ್ರವನ್ನು ಮುಚ್ಚುತ್ತವೆ. ಮಾಪಕವೇ ಕುಸಿದರೆ ಕಡಲೇ ಏರಿದಂತೆ ತೋರುವುದರಿಂದ, ನೆಲದ ಗುರುತಿನೊಡನೆ ಅದನ್ನು ಆಗಾಗ ಹೋಲಿಸಿ ನೋಡಬೇಕು. ಇವೆಲ್ಲ ನಂದಾದೀಪದ ಎಣ್ಣೆಯಂತಹ ಖರ್ಚು: ದಿನಕ್ಕೆ ಸ್ವಲ್ಪ, ಆದರೆ ಎಂದೂ ತಪ್ಪಬಾರದು.

ಮುಂದಿನ ಸಲ ಆಯವ್ಯಯದ ವಾರ್ತೆ ಕೇಳುವಾಗ, ಹೊಸ ಯಂತ್ರಕ್ಕೆ ಎಷ್ಟು ಎಂಬುದರ ಜೊತೆಗೆ ಹಳೆಯದರ ಪಾಲನೆಗೆ ಎಷ್ಟು ಎಂದೂ ಕೇಳಿರಿ. ನಮ್ಮ ಮೊಮ್ಮಕ್ಕಳು ದಡದ ಮನೆಗೆ ತಳಪಾಯ ಹಾಕುವಾಗ ತೆರೆದು ನೋಡುವುದು ಈ ಲೆಕ್ಕದ ಪುಸ್ತಕವನ್ನೇ.