ಒಬ್ಬ ಪೋಲಿಷ್ ವೈಮಾನಿಕನ ವಿಮಾನ: ಪ್ರತಿಕೃತಿ ನಿರ್ಮಾಣದ ಕ್ರಮ ಮತ್ತು ಉದ್ದೇಶ

ಆಟಿಕೆಯೇ ಬೇರೆ, ಪ್ರತಿಕೃತಿಯೇ ಬೇರೆ. ಆಟಿಕೆಗೆ ವಿಮಾನದ ಹೋಲಿಕೆಯಿದ್ದರೆ ಸಾಕು. ಮಗು ಅದನ್ನು ಕೈಯಲ್ಲಿ ಹಿಡಿದು ಅಂಗಳದ ತುಂಬ ಓಡಾಡಿದರೆ ಅದರ ಉದ್ದೇಶ ಸಫಲವಾಯಿತು. ಪ್ರತಿಕೃತಿಯಾದರೋ ಒಂದು ನಿಶ್ಚಿತ ವಸ್ತುವು ಒಂದು ನಿಶ್ಚಿತ ಕಾಲದಲ್ಲಿ ಹೇಗಿದ್ದಿತೆಂಬುದಕ್ಕೆ ಸಾಕ್ಷ್ಯ ನುಡಿಯತಕ್ಕದ್ದು. ಆ ಸಾಕ್ಷ್ಯ ಸುಳ್ಳಾದರೆ, ಕೆಲಸ ಎಷ್ಟೇ ನಯವಾಗಿದ್ದರೂ ಅದು ಮತ್ತೊಂದು ಆಟಿಕೆಯೇ ಸರಿ. ಈ ಮಾತನ್ನು ಎರಡನೆಯ ಮಹಾಯುದ್ಧದ ಒಂದು ಯುದ್ಧವಿಮಾನದ ಉದಾಹರಣೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯದ ಸಂಚಿಕೆಯಲ್ಲಿ ಯುದ್ಧವಿಮಾನದ ಪ್ರಸ್ತಾಪವೇಕೆ ಎಂಬ ಶಂಕೆ ವಾಚಕರಲ್ಲಿ ಮೂಡುವುದು ಸಹಜ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುವೆನು.

ವಿಮಾನ ಮತ್ತು ವೈಮಾನಿಕ

೧೯೩೯ರ ಸೆಪ್ಟೆಂಬರ್ ೧ರಂದು ಜರ್ಮನಿಯೂ, ಅದೇ ತಿಂಗಳ ೧೭ರಂದು ಸೋವಿಯತ್ ಒಕ್ಕೂಟವೂ ಪೋಲೆಂಡಿನ ಮೇಲೆ ದಂಡೆತ್ತಿ ಬಂದುವು. ತಾಯ್ನಾಡನ್ನು ಕಳೆದುಕೊಂಡ ಪೋಲಿಷ್ ವೈಮಾನಿಕರಲ್ಲಿ ಅನೇಕರು ರುಮೇನಿಯ ಮತ್ತು ಫ್ರಾನ್ಸ್ ದೇಶಗಳ ಮಾರ್ಗವಾಗಿ ಇಂಗ್ಲೆಂಡನ್ನು ಸೇರಿದರು. ೧೯೪೦ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ ನಗರದ ಸಮೀಪದ ನಾರ್ಥೋಲ್ಟ್ ನಿಲ್ದಾಣದಲ್ಲಿ ೩೦೩ನೆಯ ಪೋಲಿಷ್ ದಳವು ರೂಪುಗೊಂಡಿತು. ಆ ವರ್ಷದ ‘ಬ್ರಿಟನ್ ಕದನ’ದಲ್ಲಿ ಹರಿಕೇನ್ ವಿಮಾನಗಳಲ್ಲಿ ಹಾರಿದ ಈ ದಳವು ೧೨೬ ಶತ್ರುವಿಮಾನಗಳನ್ನು ಕೆಡಹಿದುದಾಗಿ ಲೆಕ್ಕ ಕೊಟ್ಟಿತು. ಯುದ್ಧಾನಂತರದ ಸಂಶೋಧನೆ ಈ ಸಂಖ್ಯೆಯನ್ನು ಸಾಕಷ್ಟು ತಗ್ಗಿಸಿದೆಯಾದರೂ ದಳದ ಕೀರ್ತಿಗೆ ಅದರಿಂದ ಕುಂದು ಬಂದಿಲ್ಲ.

ಈ ದಳದಲ್ಲಿದ್ದವನು ಯಾನ್ ಝುಂಬಾಖ್. ೧೯೧೫ರಲ್ಲಿ ವಾರ್ಸಾ ನಗರದ ಬಳಿ ಜನಿಸಿದ ಇವನ ಪೂರ್ವಿಕರು ಸ್ವಿಟ್ಜರ್ಲೆಂಡಿನವರು. ೧೯೪೦ರ ಕದನದಲ್ಲಿಯೇ ಎಂಟು ಶತ್ರುವಿಮಾನಗಳನ್ನು ಕೆಡಹಿದ ಶ್ರೇಯಸ್ಸು ಇವನದು. ೧೯೪೨ರ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಇವನು ದಳದ ನಾಯಕನಾಗಿದ್ದನು. ಆಗ ಇವನು ಹಾರಿಸುತ್ತಿದ್ದುದು ‘ಸ್ಪಿಟ್‌ಫೈರ್’ ವಿಮಾನದ ಐದನೆಯ ಮಾದರಿ. ರೆಜಿನಾಲ್ಡ್ ಮಿಚೆಲ್ ರೂಪಿಸಿದ ಈ ವಿಮಾನದ ಮೊದಲ ಹಾರಾಟ ೧೯೩೬ರ ಮಾರ್ಚ್ ೫ರಂದು ನಡೆದಿತ್ತು. ಝುಂಬಾಖನ ವಿಮಾನದ ಎಡಮಗ್ಗುಲಲ್ಲಿ ಚಲನಚಿತ್ರಗಳಿಂದ ಲೋಕವಿಖ್ಯಾತವಾದ ಡೊನಾಲ್ಡ್ ಡಕ್ ಎಂಬ ಬಾತುಕೋಳಿಯ ಚಿತ್ರವಿದ್ದಿತು. ಈ ಕಾರಣದಿಂದಲೇ ಪ್ರತಿಕೃತಿ ನಿರ್ಮಾಪಕರಿಗೆ ಈ ವಿಮಾನವು ಬಹು ಮೆಚ್ಚಿನದಾಗಿದೆ.

ಪ್ರಮಾಣದ ನಿಯಮ

ನಿಜವಾದ ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ ೧೧.೨೩ ಮೀಟರ್, ಉದ್ದ ೯.೧೨ ಮೀಟರ್. ಪ್ರತಿಕೃತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಮಾಣಗಳು ಎರಡು: ೭೨ರಲ್ಲಿ ಒಂದು ಪಾಲು ಮತ್ತು ೪೮ರಲ್ಲಿ ಒಂದು ಪಾಲು. ಮೊದಲನೆಯದರಲ್ಲಿ ಒಂದು ಅಂಗುಲವು ಆರು ಅಡಿಗೆ ಸಮ. ಎರಡನೆಯದರಲ್ಲಿ ನಾಲ್ಕು ಅಡಿಗೆ ಸಮ. ಎರಡನೆಯ ಪ್ರಮಾಣವನ್ನು ಆರಿಸಿಕೊಂಡರೆ ರೆಕ್ಕೆಯ ಹರವು ೨೩.೪ ಸೆಂಟಿಮೀಟರ್, ಉದ್ದ ೧೯ ಸೆಂಟಿಮೀಟರ್ ಆಗುತ್ತದೆ. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ ಸುಮಾರು ಐದು ಸೆಂಟಿಮೀಟರ್ ತಪ್ಪಿದಂತೆ. ಬಣ್ಣದ ಲೇಪ ಕೂದಲೆಳೆಯಷ್ಟು ದಪ್ಪವಾದರೂ ಕಣ್ಣಿಗೆ ಅದು ಗೋಡೆಯ ಗಾರೆಯಂತೆ ತೋರುವುದು ಈ ಕಾರಣದಿಂದಲೇ.

ಜೋಡಣೆ

ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಕೈಯಿಂದ ಮುರಿದು ತೆಗೆಯಬಾರದು. ಹರಿತವಾದ ಅಲಗಿನಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಅರದಿಂದ ಉಜ್ಜಬೇಕು. ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಅಚ್ಚಿನ ಜಿಡ್ಡು ಉಳಿದು ಬಣ್ಣ ಹಿಡಿಯುವುದಿಲ್ಲ.

ಕೆಲಸ ಆರಂಭವಾಗುವುದು ಒಳಗಿನಿಂದ. ಚಾಲಕನ ಆಸನ, ಹಿಡಿಕೆ, ಮಾಪಕಗಳ ಹಲಗೆ ಇವುಗಳಿಗೆ ಮೊದಲೇ ಬಣ್ಣ ಬಳಿದು ಒಡಲಿನ ಎರಡು ಹೋಳುಗಳ ನಡುವೆ ಕೂರಿಸಿ, ಆಮೇಲೆ ಹೋಳುಗಳನ್ನು ಮುಚ್ಚಬೇಕು. ಮುಚ್ಚಿದ ಮೇಲೆ ಒಳಗೆ ಕುಂಚ ಹೋಗದು. ಇದಕ್ಕೆ ಬಳಸುವ ಅಂಟು ಸಾಮಾನ್ಯವಾದುದಲ್ಲ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡು ಭಾಗಗಳನ್ನು ಒಂದಾಗಿ ಬೆಸೆಯುತ್ತದೆ. ಆದುದರಿಂದ ಅದನ್ನು ಕಡಮೆ ಹಚ್ಚಿದಷ್ಟೂ ಒಳಿತು. ಬೆಸುಗೆಯ ಗೆರೆಯಲ್ಲಿ ಬಿರುಕುಳಿದರೆ ಮೆತ್ತೆ ತುಂಬಿ, ಒಣಗಿದ ಮೇಲೆ ನೀರು ಹಚ್ಚಿದ ನಯವಾದ ಮರಳುಕಾಗದದಿಂದ ಉಜ್ಜಬೇಕು.

ಸ್ಪಿಟ್‌ಫೈರಿನ ಅಂದವೆಲ್ಲ ಅದರ ಅಂಡಾಕಾರದ ತೆಳುವಾದ ರೆಕ್ಕೆಯಲ್ಲಿದೆ. ಎರಡು ರೆಕ್ಕೆಗಳೂ ಬುಡದಿಂದ ತುದಿಯವರೆಗೆ ಸುಮಾರು ಆರು ಅಂಶಗಳಷ್ಟು ಮೇಲಕ್ಕೆ ಬಾಗಿರುತ್ತವೆ. ಅಂಟು ಒಣಗುವ ಮುನ್ನ ಎರಡೂ ತುದಿಗಳು ಮೇಜಿನಿಂದ ಸಮಾನ ಎತ್ತರದಲ್ಲಿವೆಯೇ ಎಂದು ಅಳೆದು ನೋಡಿ ಆಸರೆ ಕೊಡಬೇಕು. ಇಲ್ಲಿ ಆದ ದೋಷವನ್ನು ಮುಂದೆ ಯಾವ ಬಣ್ಣವೂ ಮರೆಮಾಡಲಾರದು. ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಬಡಗಿಗಳು ಬಳಸುವ ಬಿಳಿಯ ಅಂಟೇ ಲೇಸು. ಕರಗಿಸುವ ಅಂಟು ಅದನ್ನು ಮಂಕಾಗಿಸುತ್ತದೆ.

ಬಣ್ಣ ಮತ್ತು ಗುರುತುಗಳು

೧೯೪೧ರ ಆಗಸ್ಟ್ ತಿಂಗಳಿನಿಂದ ಬ್ರಿಟನ್ನಿನ ಹಗಲು ಕಾದುವ ವಿಮಾನಗಳ ಮೇಲ್ಭಾಗಕ್ಕೆ ಕಡುಹಸಿರು ಮತ್ತು ಸಮುದ್ರಬೂದು ಬಣ್ಣಗಳ ಪಟ್ಟೆಗಳನ್ನೂ, ಕೆಳಭಾಗಕ್ಕೆ ತಿಳಿಬೂದು ಬಣ್ಣವನ್ನೂ ಬಳಿಯುತ್ತಿದ್ದರು. ಬಾಲದ ಮುಂದೆ ೧೮ ಅಂಗುಲ ಅಗಲದ ತಿಳಿಯಾದ ಪಟ್ಟಿ. ನಮ್ಮ ಪ್ರಮಾಣದಲ್ಲಿ ಇದು ಒಂಬತ್ತೂವರೆ ಮಿಲಿಮೀಟರ್. ಬಣ್ಣವನ್ನು ತೆಳುವಾಗಿ ಕಲಸಿ, ತಿಳಿಯದರಿಂದ ಕಡುವಿನತ್ತ ಸಾಗುತ್ತ, ಒಂದು ಲೇಪ ಪೂರ್ತಿ ಒಣಗಿದ ಮೇಲೆಯೇ ಮತ್ತೊಂದನ್ನು ಹಚ್ಚಬೇಕು.

ಗುರುತಿನ ಚಿತ್ರಗಳನ್ನು ನೀರಿನಲ್ಲಿ ನೆನೆಸಿ ಕಾಗದದಿಂದ ಮೆಲ್ಲನೆ ಜಾರಿಸಿ ಕೂರಿಸುವರು. ಒರಟಾದ ಮೇಲ್ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಹೊಳೆಯುವುದರಿಂದ ಮೊದಲು ಹೊಳಪಿನ ವಾರ್ನಿಷ್ ಹಚ್ಚಿ, ಚಿತ್ರಗಳು ಒಣಗಿದ ಬಳಿಕ ಮಂಕು ವಾರ್ನಿಷ್ ಹಚ್ಚುವುದು ವಾಡಿಕೆ.

ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಒಡಲಿನ ಮೇಲಿನ ‘ಆರ್‌ಎಫ್’ ಎಂಬ ಅಕ್ಷರಗಳು ೩೦೩ನೆಯ ದಳದ ಸಂಕೇತ. ‘ಡಿ’ ಎಂಬುದು ವಿಮಾನದ ಸಂಕೇತ. ಆದರೆ ಝುಂಬಾಖನ ಕಾಲದಲ್ಲಿ ಈ ಸಂಕೇತವನ್ನೂ ಬಾತುಕೋಳಿಯನ್ನೂ ಹೊತ್ತ ವಿಮಾನ ಒಂದೇ ಅಲ್ಲ. ಬಿಎಂ ೧೪೪ ಒಂದು, ಇಎನ್ ೯೫೧ ಇನ್ನೊಂದು. ಇವೆರಡರ ವಿವರಗಳನ್ನು ಬೆರೆಸಿದರೆ ಎಂದೂ ಹಾರದಿದ್ದ ಮೂರನೆಯ ವಿಮಾನವೊಂದು ಹುಟ್ಟಿಕೊಳ್ಳುತ್ತದೆ. ಆದುದರಿಂದ ನಿರ್ಮಾಪಕನು ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಕ್ಕಿಂತ ಆ ಕಾಲದ ಛಾಯಾಚಿತ್ರವನ್ನು ನಂಬಬೇಕು. ಮೂತಿಯ ಬಳಿಯ ಕೆಂಪು ಬಿಳಿ ಚೌಕಗಳು ಪೋಲೆಂಡಿನ ವಾಯುಸೇನೆಯ ಚಿಹ್ನೆ. ಯುದ್ಧಕಾಲದಲ್ಲಿ ಎಡಮೇಲಿನ ಚೌಕ ಕೆಂಪು. ೧೯೯೩ರಲ್ಲಿ ಪೋಲೆಂಡ್ ಬಣ್ಣಗಳನ್ನು ಅದಲುಬದಲು ಮಾಡಿತು. ಇಂದಿನ ಚಿಹ್ನೆಯನ್ನು ಅಂದಿನ ವಿಮಾನಕ್ಕೆ ಅಂಟಿಸಿದರೆ ಐವತ್ತು ವರ್ಷಗಳ ಪ್ರಮಾದವಾಗುತ್ತದೆ.

ದಳದ ಲಾಂಛನದಲ್ಲಿ ನಕ್ಷತ್ರಗಳು, ಪಟ್ಟೆಗಳು, ಒಂದು ಕೆಂಪು ರೈತಟೋಪಿ ಮತ್ತು ಅಡ್ಡಡ್ಡಲಾಗಿ ಇರಿಸಿದ ಎರಡು ಹುಲ್ಲುಗತ್ತಿಗಳಿವೆ. ಅಮೆರಿಕದ ಸ್ವಾತಂತ್ರ್ಯಸಮರದಲ್ಲಿ ಹೋರಾಡಿ, ೧೭೯೪ರಲ್ಲಿ ತನ್ನ ನಾಡಿನ ಬಂಡಾಯಕ್ಕೆ ನಾಯಕನಾದ ತದೇವುಷ್ ಕೊಶ್ಚೂಷ್ಕೊನ ಸ್ಮರಣೆ ಅದು. ಆ ಬಂಡಾಯದಲ್ಲಿ ರೈತರು ಹುಲ್ಲು ಕೊಯ್ಯುವ ಕತ್ತಿಗಳನ್ನೇ ಆಯುಧ ಮಾಡಿಕೊಂಡು ನಿಂತಿದ್ದರು. ಬೆರಳುಗುರಿಗಿಂತ ಚಿಕ್ಕದಾದ ಒಂದು ಚಿತ್ರದಲ್ಲಿ ಒಂದು ಜನಾಂಗದ ಇತಿಹಾಸ ಅಡಗಿದೆ.

ಶ್ರಮದ ಸಾರ್ಥಕ್ಯ

ಇನ್ನು ಆರಂಭದ ಶಂಕೆಯ ವಿಚಾರ. ವಿಮಾನದ ಪಕ್ಕದಲ್ಲಿ ಸಾಲಾಗಿ ಬರೆದ ಪುಟ್ಟ ಶಿಲುಬೆಗಳಿವೆ. ಕೆಡಹಿದ ಒಂದೊಂದು ಶತ್ರುವಿಮಾನಕ್ಕೆ ಒಂದೊಂದು ಶಿಲುಬೆ. ಆ ವಿಮಾನಗಳಲ್ಲಿಯೂ ಮನುಷ್ಯರಿದ್ದರು. ಬಾತುಕೋಳಿಯನ್ನು ಕಂಡು ನಗುವ ವಿದ್ಯಾರ್ಥಿಗೆ ಶಿಲುಬೆಗಳ ಅರ್ಥವನ್ನೂ ಹೇಳುವುದು ಅಧ್ಯಾಪಕನ ಹೊಣೆ. ಅವನ್ನು ಬಿಟ್ಟು ಪ್ರತಿಕೃತಿ ಮಾಡುವುದು ಅಹಿಂಸೆಯಾಗದು, ಅಸತ್ಯವಾದೀತು.

ಜಯದ ನಂತರ ಈ ವೈಮಾನಿಕರಿಗೆ ದೊರೆತುದೇನು? ೧೯೪೬ರ ಜೂನ್ ೮ರಂದು ಲಂಡನ್ನಿನಲ್ಲಿ ನಡೆದ ವಿಜಯೋತ್ಸವದ ಮೆರವಣಿಗೆಗೆ ಪೋಲಿಷ್ ವೈಮಾನಿಕರಲ್ಲಿ ೨೫ ಮಂದಿಗೆ ಮಾತ್ರ ಆಹ್ವಾನವಿದ್ದಿತು. ಭೂಸೇನೆಯ ತಮ್ಮ ಬಾಂಧವರನ್ನು ಕರೆಯಲಿಲ್ಲವೆಂದು ಅವರೂ ಹೋಗಲಿಲ್ಲ. ಸ್ವದೇಶಕ್ಕೆ ಮರಳಿದ ಸ್ತಾನಿಸ್ವಾಫ್ ಸ್ಕಾಲ್ಸ್ಕಿ ಎಂಬ ಮಹಾವೀರನನ್ನು ೧೯೪೮ರಲ್ಲಿ ಬಂಧಿಸಿ ಮರಣದಂಡನೆ ವಿಧಿಸಲಾಯಿತು. ಶಿಕ್ಷೆ ಇಳಿಕೆಯಾಗಿ ೧೯೫೬ರಲ್ಲಿ ಅವನು ಹೊರಬಂದನು. ಝುಂಬಾಖ್ ಮರಳಲಿಲ್ಲ. ಆಫ್ರಿಕದ ಕಟಾಂಗ ಮತ್ತು ಬಿಯಾಫ್ರದ ಅಂತರ್ಯುದ್ಧಗಳಲ್ಲಿ ಕೂಲಿಗೆ ಹಾರಿದನು. ೧೯೮೬ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡನು. ಅವನು ವಾರ್ಸಾ ನಗರವನ್ನು ಸೇರಿದುದು ಸಮಾಧಿಗಾಗಿ ಮಾತ್ರ.

ಈ ದುಃಖ ನಮಗೆ ಪೂರ್ತಿ ಪರಕೀಯವೂ ಅಲ್ಲ. ಸೋವಿಯತ್ ನಾಡಿನ ಗಡೀಪಾರಿನಿಂದ ಬಿಡುಗಡೆ ಹೊಂದಿ ಇರಾನಿನ ಮೂಲಕ ಬಂದ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು, ಹೆಚ್ಚಿನಂಶ ಹೆಂಗಸರು ಮತ್ತು ಮಕ್ಕಳು, ೧೯೪೩ರಿಂದ ೧೯೪೮ರವರೆಗೆ ನಮ್ಮ ಬೆಳಗಾವಿ ಸೀಮೆಗೆ ನೆರೆಯಾದ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ನೆಲಸಿದ್ದರು. ತಂದೆ ಅಣ್ಣಂದಿರು ದೂರದ ರಣರಂಗದಲ್ಲಿರಲು, ಆ ಮಕ್ಕಳು ಇಲ್ಲಿಯ ಮಣ್ಣಿನಲ್ಲಿ ಶಾಲೆಯ ಪಾಠ ಓದಿದರು.

ಕೈಯ ಕೆಲಸವನ್ನು ಕಾಯಕವೆಂದು ಗೌರವಿಸುವ ಪರಂಪರೆ ನಮ್ಮದು. ಕಾಯಕಕ್ಕೆ ಸತ್ಯಶುದ್ಧತೆಯೇ ಪ್ರಾಣ. ಯಾರೂ ಕಾಣದ ಆಸನಕ್ಕೂ ಸರಿಯಾದ ಬಣ್ಣ ಬಳಿಯುವ ಹುಡುಗನು ಆ ಪಾಠವನ್ನು ಕೈಯಿಂದಲೇ ಕಲಿಯುತ್ತಾನೆ. ದಾನಿಗಳ ಔದಾರ್ಯದಿಂದ ಶಾಲೆಗಳಲ್ಲಿ ಪ್ರಯೋಗಾಲಯಗಳೂ ಗ್ರಂಥಾಲಯಗಳೂ ಬೆಳೆಯುತ್ತಿವೆ. ಅವುಗಳ ಪಕ್ಕದಲ್ಲಿ ಒಂದು ಮೇಜು, ಒಂದು ಅರ, ನಾಲ್ಕು ಕುಂಚಗಳಿಗೂ ಸ್ಥಳವಿರಲಿ. ತನ್ನ ದೇಶವೇ ದೀರ್ಘಕಾಲ ಮರೆಯಬಯಸಿದವರನ್ನು ಇಪ್ಪತ್ತಮೂರು ಸೆಂಟಿಮೀಟರ್ ಅಗಲದ ಒಂದು ವಸ್ತು ನೆನಪಿನಲ್ಲಿ ಉಳಿಸಬಲ್ಲುದು, ಅದನ್ನು ಮಾಡಿದವನು ಪ್ರಾಮಾಣಿಕನಾಗಿದ್ದರೆ.